ಇದ್ದಿಲು, ಇಟ್ಟಿಗೆಪುಡಿ, ಸವೆದ ಚಪ್ಪಲಿ

ಹೋದ ತಿಂಗಳು ಒಬ್ಬಳು ಹುಡುಗಿ ಬಾಗಲಗುಂಟೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಸರ್ಕಾರಿ ಪ್ರೌಢಶಾಲೆಗೆ ಚಿತ್ರಕಲಾ ಶಿಕ್ಷಕಿಯಾಗಿ ಹೊಸದಾಗಿ ನೇಮಕವಾಗಿದೆಯಂತೆ. ಕುರ್ಚಿಯ ತುದಿಯಲ್ಲಿ ಕುಳಿತು, ಕಾಫಿ ಲೋಟವನ್ನು ಕೈಯಲ್ಲೇ ಆರಿಸುತ್ತ, "ಮೇಡಂ, ಅರ್ಧ ಕ್ಲಾಸು ಕಲರ್ ಬಾಕ್ಸೇ ತರಲ್ಲ. ಹೆಡ್‌ಮಾಸ್ಟರು ನನ್ನ ಪೀರಿಯಡ್ ಕಿತ್ಕೊಂಡ್ಬಿಡ್ತಾರೆ. ನಾನೇನು ಮಾಡ್ಲಿ?" ಎಂದು ಕೇಳಿದಳು.

"ಮನೇಲಿ ಏನಿದ್ಯೋ ಅದನ್ನ ತರ್ಸು" ಎಂದೆ. ಅವಳು ಹೋದ ಮೇಲೆ ಯೋಚಿಸಿದೆ. ಈ ಒಂದು ಮಾತನ್ನು ಕಲಿಯಲು ನನಗೆ ಎಷ್ಟು ವರ್ಷ ಹಿಡಿಯಿತು, ಎಷ್ಟು ಜನರ ಮುಂದೆ ತಲೆ ತಗ್ಗಿಸಬೇಕಾಯಿತು ಎನ್ನುವುದನ್ನು ಹೇಳದೆ ಬರೀ ಉತ್ತರ ಕೊಟ್ಟರೆ ಅದು ಯಾರಿಗೂ ದಕ್ಕುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ಡ್ರಾಯಿಂಗ್ ಮಿಸ್ ಆಗಿ ಸೇರಿದೆ, ಡ್ರಾಯಿಂಗ್ ಮಿಸ್ ಆಗಿಯೇ ನಿವೃತ್ತಳಾದೆ.

ಪೀಣ್ಯದ ಅಂಚಿನ ಆ ಶಾಲೆಗೆ ನಾನು ಬಂದದ್ದು ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಕ್ಕೆ. ಅದಕ್ಕೂ ಮುಂಚೆ ತುಮಕೂರು ಕಡೆಯ ಶಾಲೆಗಳಲ್ಲಿ ಇದ್ದೆ. ಇಲ್ಲಿ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ತಗಡು ಒತ್ತುವ ಒಂದು ಪ್ರೆಸ್ ಶಾಪು. ಅಲ್ಲಿ ಪ್ರೆಸ್ಸು ಧಡಕ್ಕೆಂದು ಬಿದ್ದಾಗಲೆಲ್ಲ ಇಲ್ಲಿ ನನ್ನ ಕಪ್ಪುಹಲಗೆಯ ಮೇಲಿನ ಸೀಮೆಸುಣ್ಣ ಸಣ್ಣಗೆ ಕುಣಿಯುತ್ತಿತ್ತು. ಮಕ್ಕಳ ಅಪ್ಪಂದಿರು ಲೇತ್, ವೆಲ್ಡಿಂಗ್, ಪ್ರೆಸ್ ಕೆಲಸದವರು. ಅಮ್ಮಂದಿರು ಹೆಚ್ಚಿನವರು ಗಾರ್ಮೆಂಟ್ಸಿನವರು.

ನಾನು ಐದು ವರ್ಷ ಚಿತ್ರಕಲೆ ಕಲಿತವಳು. ಜಲವರ್ಣದಲ್ಲಿ ಕೈ ಪಳಗಿದೆ ಎಂಬ ಜಂಬವೂ ಇತ್ತು. ಮೊದಲ ದಿನವೇ ಒಂಬತ್ತನೇ ಕ್ಲಾಸಿಗೆ ಹೋಗಿ ಹಲಗೆಯ ಮೇಲೆ ಪಟ್ಟಿ ಬರೆದೆ: ಡ್ರಾಯಿಂಗ್ ಪುಸ್ತಕ, ಎರಡು ಬಗೆಯ ಪೆನ್ಸಿಲ್ಲು, ಹನ್ನೆರಡು ಬಣ್ಣದ ಡಬ್ಬಿ, ಆರನೇ ನಂಬರಿನ ಬ್ರಷ್ಷು. ಮುಂದಿನ ವಾರ ನೋಡಿದರೆ ನಲವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಡಬ್ಬಿ ತಂದವರು ಒಂಬತ್ತು ಜನ. ಉಳಿದವರನ್ನು ಹೊರಗೆ ನಿಲ್ಲಿಸಿದೆ. ಇದು ನನ್ನ ಮೊದಲ ತಪ್ಪು. ಒಳಗೆ ಒಂಬತ್ತು ಜನಕ್ಕೆ ಮಾವಿನ ಎಲೆ ಬರೆಯುವುದನ್ನು ಕಲಿಸುತ್ತ, ಹೊರಗೆ ಮೂವತ್ತು ಚಿಲ್ಲರೆ ಮಕ್ಕಳನ್ನು ಬಿಸಿಲಿಗೆ ಬಿಟ್ಟಿದ್ದೆ.

ಪೀರಿಯಡ್ ಮುಗಿದು ಹೊರಗೆ ಬಂದಾಗ ಮಕ್ಕಳೆಲ್ಲ ಒಂದು ಕಡೆ ಗುಂಪುಗೂಡಿದ್ದರು. ಬಗ್ಗಿ ನೋಡಿದೆ. ಭಾಗ್ಯ ಎಂಬ ಹುಡುಗಿ ಇಟ್ಟಿಗೆ ಚೂರು ಹಿಡಿದು ಜಗುಲಿಯ ಸಿಮೆಂಟಿನ ಮೇಲೆ ಒಂದು ಯಂತ್ರ ಬರೆದಿದ್ದಳು. ಮೇಲೆ ದೊಡ್ಡ ಚಕ್ರ, ಅದರ ಕೆಳಗೆ ದಪ್ಪ ದೂಲ, ಅಚ್ಚು ಕೂರುವ ಜಾಗ, ಕಾಲಿನ ಪೆಡಲು. ಬೋಲ್ಟುಗಳನ್ನು ಕೂಡ ಬಿಟ್ಟಿರಲಿಲ್ಲ. ಒಂದು ಗೆರೆಯೂ ಅಳುಕಿರಲಿಲ್ಲ.

"ಏನಿದು?" ಎಂದೆ.

ಬೈಗುಳ ಬರುತ್ತದೆ ಎಂದುಕೊಂಡು ಅವಳು ಕಾಲಿನಿಂದ ಅಳಿಸಲು ಹೋದಳು. "ನಮ್ಮಪ್ಪನ ಫ್ಯಾಕ್ಟ್ರಿ ಮಿಷನ್ನು ಮಿಸ್. ಅಳಿಸ್ಬಿಡ್ತೀನಿ."

"ಬೇಡ ಬೇಡ, ಬಿಡು. ಯಾರು ಕಲಿಸಿದ್ರು?"

"ಅಪ್ಪ ಊಟ ಮಾಡೋವಾಗ ನೆಲದ ಮೇಲೆ ನೀರಲ್ಲಿ ಬರೆದು ತೋರಿಸ್ತಾರೆ. ಅವ್ರು ಮಾರ್ಕಿಂಗ್ ಕೆಲ್ಸ ಮಾಡೋದು. ತಗಡಿನ ಮೇಲೆ ಗೆರೆ ಹಾಕೋದು."

ಊಟದ ತಟ್ಟೆಯ ಪಕ್ಕ ಅಪ್ಪನ ಒದ್ದೆ ಬೆರಳಿನಿಂದ ಕಲಿತ ಹುಡುಗಿಯನ್ನು ನಾನು ಬಣ್ಣದ ಡಬ್ಬಿ ಇಲ್ಲವೆಂದು ಹೊರಗೆ ನಿಲ್ಲಿಸಿದ್ದೆ. ಮನೆಗೆ ಹೋಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದ ಆ ಪಟ್ಟಿಯ ಹಾಳೆಯನ್ನು ಹರಿದು ಹಾಕಿದೆ. ವಾರಕ್ಕೆ ಒಂದು ಪೀರಿಯಡ್ಡು, ಅದೂ ನಲವತ್ತು ನಿಮಿಷ. ಮಕ್ಕಳು ನಿಜಕ್ಕೂ ಕೈ ಪಳಗಿಸಿಕೊಳ್ಳುವುದು ಮನೆಯಲ್ಲಿ. ಹಾಗಾದರೆ ಸಾಮಾನೂ ಮನೆಯಲ್ಲೇ ಸಿಗಬೇಕು. ಅಂದಿನಿಂದ ನನ್ನ ಮನೆಪಾಠಗಳೆಲ್ಲ ಬದಲಾದವು. ಇಸ್ತ್ರಿ ಅಂಗಡಿಯಲ್ಲಿ ಬಿಸಾಡುವ ಇದ್ದಿಲ ಚೂರು, ಹೊಸ ಕಟ್ಟಡದ ಹತ್ತಿರ ಬಿದ್ದ ಇಟ್ಟಿಗೆಯ ಪುಡಿ, ಸೋಸಿದ ಟೀ ಚರಟ, ಲಗ್ನಪತ್ರಿಕೆಯ ಹಿಂಬದಿ, ಹಳೆ ಕ್ಯಾಲೆಂಡರು.

ಕಾಗದಕ್ಕೆ ಮಾತ್ರ ಮುಖ್ಯೋಪಾಧ್ಯಾಯರ ಹತ್ತಿರ ಹೋಗಲೇಬೇಕಿತ್ತು. ಶಿವಲಿಂಗಯ್ಯನವರು ಗಣಿತದ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಆರು ತಿಂಗಳಿದೆ ಎನ್ನುವಾಗಲೇ ನನ್ನ ಪೀರಿಯಡ್ಡುಗಳು ಅವರ ಪಾಲಾಗುತ್ತಿದ್ದವು.

"ಸಾರ್, ಹಳೇ ಪ್ರಶ್ನೆಪತ್ರಿಕೆ ಕಟ್ಟುಗಳು ಇದ್ರೆ ಕೊಡಿ. ಹಿಂದ್ಗಡೆ ಖಾಲಿ ಇರುತ್ತೆ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಕಟ್ಟು ಎಷ್ಟು ಬೇಕಾದ್ರೂ ತಗೊಳ್ಳಿ ಮೇಡಂ. ಪೀರಿಯಡ್ ಕೇಳ್ಬೇಡಿ."

"ಪೀರಿಯಡ್ ಇಲ್ದೆ ಹೋದ್ರೆ ಮನೇಲಿ ಮಾಡಿಸ್ತೀನಿ ಸಾರ್."

"ಮನೇಲಿ ಲೆಕ್ಕ ಮಾಡ್ಲಿ ಅಂತ ನಾನು, ಚಿತ್ರ ಬರೀಲಿ ಅಂತ ನೀವು. ಆ ಮಕ್ಕಳು ನಿದ್ದೆ ಯಾವಾಗ ಮಾಡ್ಬೇಕು?" ಎಂದು ನಕ್ಕರು. ಮಾರನೆಯ ದಿನ ಐದು ಕಟ್ಟು ಕಾಗದ ನನ್ನ ಮೇಜಿನ ಮೇಲಿತ್ತು. ಅವರು ಹಾಗೆಯೇ. ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದು ಕೈಯಲ್ಲಿ ಕೊಡುತ್ತಿದ್ದರು.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೊಸಬರು ಮತ್ತೆ ಮಾಡದಿರಲಿ. ಇದ್ದಿಲು, ಇಟ್ಟಿಗೆಯಿಂದ ಬಂದ ಉತ್ಸಾಹದಲ್ಲಿ ಅರಿಶಿನ, ಬೀಟ್‌ರೂಟು, ದಾಸವಾಳ, ಪಾಲಕ್ ಸೊಪ್ಪು ಎಲ್ಲವನ್ನೂ ಹಿಂಡಿ ಬಣ್ಣ ಮಾಡಿಸಿದೆ. ಪೋಷಕರ ಸಭೆಗೆ ಹತ್ತು ದಿನ ಮುಂಚೆಯೇ ಚಿತ್ರಗಳನ್ನು ಜಗುಲಿಯ ಗೋಡೆಗೆ ಅಂಟಿಸಿ ಮೆರೆದೆ. ಬಿಸಿಲು ನೇರವಾಗಿ ಬೀಳುವ ಜಾಗ. ಸಭೆಯ ದಿನ ಬೆಳಿಗ್ಗೆ ನೋಡಿದರೆ ಅರಿಶಿನದ ಹೊಲಗಳೆಲ್ಲ ಬಿಳಿಚಿಕೊಂಡಿದ್ದವು, ಬೀಟ್‌ರೂಟಿನ ಗುಲಾಬಿಗಳು ಕಾಫಿ ಕಲೆಯಂತಾಗಿದ್ದವು. ಸಾಲದ್ದಕ್ಕೆ ಮೈದಾ ಅಂಟಿನ ಆಸೆಗೆ ಜಿರಲೆಗಳು ಅಂಚನ್ನೆಲ್ಲ ಮೆದ್ದಿದ್ದವು. ರಜೆ ಹಾಕಿ ಬಂದಿದ್ದ ಒಬ್ಬ ತಾಯಿ ಮಗನ ಚಿತ್ರದ ಮುಂದೆ ನಿಂತು, "ಇದ್ರಲ್ಲಿ ಏನಿದೆ ಮೇಡಂ?" ಎಂದು ಕೇಳಿದರು. ಅವರು ಕುಹಕವಾಡಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ಅದೇ ಹೆಚ್ಚು ಚುಚ್ಚಿತು. ಹೂವು ಸೊಪ್ಪಿನ ಬಣ್ಣ ಒಂದು ದಿನದ ಖುಷಿಗೆ ಚೆನ್ನ. ಉಳಿಯಬೇಕಾದ ಚಿತ್ರಕ್ಕೆ ಇದ್ದಿಲು, ಮಸಿ, ಕೆಮ್ಮಣ್ಣು, ಇಟ್ಟಿಗೆಪುಡಿ. ಅಂಟಿಗೆ ಹುಣಸೆಬೀಜದ ಗಂಜಿ ಅಥವಾ ಅಂಗಡಿಯ ಗೋಂದು. ಇಷ್ಟು ಕಲಿಯಲು ಒಂದು ಶಾಲೆಯಷ್ಟು ಮಕ್ಕಳ ಚಿತ್ರ ಹಾಳು ಮಾಡಿದ್ದೇನೆ.

ಆದರೆ ಇವೆಲ್ಲ ಸಣ್ಣ ತಪ್ಪುಗಳು. ಒಂದು ಸಂಸಾರದ ಮನೆಯನ್ನೇ ಕಳೆಯಲು ಹೊರಟಿದ್ದ ತಪ್ಪು ಮರುವರ್ಷದ್ದು.

ಆ ವರ್ಷ ಭಾಗ್ಯ ಹತ್ತನೇ ಕ್ಲಾಸಿಗೆ ಬಂದಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಅಪ್ಪ ಸಿದ್ದರಾಜುವಿಗೆ ಅಪಘಾತವಾಯಿತು. ಅವರದು ಮಾರ್ಕಿಂಗ್ ಕೆಲಸವಾದರೂ ಅವತ್ತು ಪ್ರೆಸ್ ನಡೆಸುವವನು ಬಂದಿರಲಿಲ್ಲವೆಂದು ಇವರು ಕುಳಿತಿದ್ದರು. ಅಚ್ಚಿನ ಕೆಳಗಿಂದ ಕೈ ತೆಗೆಯುವ ಮೊದಲೇ ಪ್ರೆಸ್ಸು ಬಿತ್ತು. ಬಲಗೈಯ ಎರಡು ಬೆರಳು ಹೋದವು. ಗಾಯ ಒಣಗಿದ ಮೇಲೂ ಅವರು ಮನೆಯಲ್ಲೇ ಕುಳಿತಿದ್ದರು. ಎಡಗೈಯಲ್ಲಿ ಗೆರೆ ಹಾಕಲಾರೆ, ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂದು ಗೋಡೆ ನೋಡುತ್ತ ಕೂರುತ್ತಾರೆಂದು ಭಾಗ್ಯ ಹೇಳಿದ್ದಳು.

ದಸರಾ ರಜೆಗೆ ಮಕ್ಕಳಿಗೆಲ್ಲ ಒಂದೇ ಮನೆಪಾಠ ಕೊಟ್ಟೆ. "ಮನೆಯವರನ್ನ ಜೊತೆಗೆ ಕೂರಿಸ್ಕೊಂಡು, ಇದ್ದಿಲಲ್ಲಿ, ನಿಮ್ಮ ಕೈಲಾದಷ್ಟು ದೊಡ್ಡದಾಗಿ ಒಂದು ಚಿತ್ರ ಬರೀರಿ." ಯಾವುದರ ಮೇಲೆ ಎಂದು ಹೇಳಲಿಲ್ಲ.

ರಜೆ ಮುಗಿದು ಶಾಲೆ ಶುರುವಾದ ದಿನ ಭಾಗ್ಯಳ ತಾಯಿ ಜಯಮ್ಮ ಕೆಲಸಕ್ಕೆ ಹೋಗದೆ ನೇರವಾಗಿ ಶಾಲೆಗೆ ಬಂದರು. ಕಣ್ಣು ಊದಿತ್ತು.

"ಮೇಡಂ, ನೀವು ಹೇಳಿದ್ರಂತೆ ದೊಡ್ಡದಾಗಿ ಬರೀರಿ ಅಂತ. ಅಪ್ಪ ಮಗಳು ಸೇರ್ಕೊಂಡು ಗೋಡೆ ತುಂಬ ಬರೆದವ್ರೆ. ಓನರ್ರು ನೋಡ್ಬಿಟ್ರು. ತಿಂಗಳ ಕೊನೆಗೆ ಖಾಲಿ ಮಾಡಿ ಅಂದ್ರು. ಇವರ ಕೈ ಹಿಂಗಾಗಿರೋವಾಗ ನಮಗೆ ಯಾರು ಮನೆ ಕೊಡ್ತಾರೆ ಹೇಳಿ."

ಮಧ್ಯಾಹ್ನ ಅರ್ಧ ದಿನದ ರಜೆ ಬರೆದು ಅವರ ಮನೆಗೆ ಹೋದೆ.

ಒಂದೇ ಕಾಂಪೌಂಡಿನಲ್ಲಿ ಸಾಲಾಗಿ ಆರು ಮನೆ. ಮುಂದೆ ಓನರ್ ರಾಜಣ್ಣನವರ ಎರಡಂತಸ್ತಿನ ಮನೆ. ಅವರ ಹಿರಿಯರು ಆ ಊರಿನವರೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಬಾಡಿಗೆ ಮನೆಗಳು. ಸಿದ್ದರಾಜುವಿನ ಮನೆ ಕೊನೆಯದು. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ.

ಎದುರು ಗೋಡೆಯ ಮೇಲೆ ನೆಲದಿಂದ ಸೂರಿನ ತನಕ ಒಂದು ಪವರ್ ಪ್ರೆಸ್ಸು. ಆಳಿಗಿಂತಲೂ ಎತ್ತರದ್ದು. ಚಕ್ರ ಕಪ್ಪಗೆ ಮಿರುಗುತ್ತಿತ್ತು. ಭಾಗ್ಯಳ ಗಟ್ಟಿ ಗೆರೆ ಯಾವುದು, ಅವಳಪ್ಪನ ಎಡಗೈಯ ನಡುಗುವ ಗೆರೆ ಯಾವುದು ಎಂದು ಬೇರೆ ಬೇರೆಯಾಗಿ ಕಾಣುತ್ತಿತ್ತು. ಪ್ರೆಸ್ಸಿನ ಮುಂದೆ ಒಬ್ಬ ಮನುಷ್ಯ ಕುಳಿತಿದ್ದ. ಅವನಿಗೆ ಮುಖ ಬರೆದಿರಲಿಲ್ಲ. ಬಲಗೈ ಮಾತ್ರ ಅಚ್ಚಿನ ಕೆಳಗೆ ಚಾಚಿತ್ತು, ಐದೂ ಬೆರಳು ಬಿಡಿಸಿ ಬರೆದಿದ್ದರು. ಅದಕ್ಕೂ ಮೊದಲು ಎಷ್ಟೋ ಪ್ರದರ್ಶನ ನೋಡಿದ್ದೆ, ದೊಡ್ಡ ದೊಡ್ಡ ಕಲಾವಿದರ ಮುಂದೆ ಕೈಕಟ್ಟಿ ನಿಂತಿದ್ದೆ. ಒಂದು ಚಿತ್ರ ನನ್ನನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸಿದ್ದು ಅವತ್ತೇ ಮೊದಲು.

ಸಿದ್ದರಾಜು ಮೂಲೆಯಲ್ಲಿ ಎದ್ದು ನಿಂತರು. "ತಪ್ಪಾಯ್ತು ಮೇಡಂ. ಕಾಗ್ದ ಸಾಲ್ಲಿಲ್ಲ. ಶುರು ಮಾಡಿದ್ಮೇಲೆ ನಿಲ್ಸಕ್ಕಾಗ್ಲಿಲ್ಲ."

"ತಪ್ಪು ನಿಮ್ಮದಲ್ಲ, ನನ್ನದು" ಎಂದೆ.

ರಾಜಣ್ಣನವರ ಹತ್ತಿರ ಹೋಗಿ ಅದನ್ನೇ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಸಿಟ್ಟು ಇಳಿದಿರಲಿಲ್ಲ. "ಮೇಡಂ, ಉಗಾದಿಗೆ ಪೇಂಟ್ ಹೊಡ್ಸಿದ್ದೀನಿ. ಒಬ್ರು ಬರೆದ್ರೆ ಆರು ಮನೆಯೋರೂ ಬರೀತಾರೆ. ನಿಮ್ಮ ಸ್ಕೂಲ್ ಗೋಡೆ ಮೇಲೆ ಬರ್ಸಿ. ನನ್ನ ಗೋಡೆ ಯಾಕೆ?"

"ನೀವು ಹೇಳೋದು ಸರಿ. ಭಾನುವಾರ ನಾನೇ ಬಂದು ಗೋಡೆ ಬಿಳಿ ಮಾಡಿಕೊಡ್ತೀನಿ. ಅವರನ್ನ ಮಾತ್ರ ಕಳಿಸ್ಬೇಡಿ."

"ನೀವು ಹೊಡೀತೀರಾ?" ರಾಜಣ್ಣ ನಂಬಲಿಲ್ಲ.

ಒಳಗಿನಿಂದ ಅವರ ತಾಯಿ ಮುನಿಯಮ್ಮನ ದನಿ ಬಂತು. ಎಂಬತ್ತರ ಆಸುಪಾಸಿನ ಮುದುಕಿ. "ಒಡೀಲಿ ಬುಡ್ಲಾ. ಒಡೆಯೋರ ಕೈ ಯಾಕೆ ಇಡೀತೀಯ? ಗೋಡೆ ಬೆಳ್ಳಗಾಯ್ತದೆ ಅಂದ್ಮೇಲೆ ನಿಂಗೇನ್ಲಾ ಕಷ್ಟ?"

ಹಾಗೆ ಆ ಮನೆ ಉಳಿಯಿತು. ಆದರೆ ಆ ಚಿತ್ರವನ್ನು ನನ್ನ ಕೈಯಾರೆ ಅಳಿಸಬೇಕಿತ್ತು. ಆಗೆಲ್ಲ ಈಗಿನಂತೆ ಎಲ್ಲರ ಜೇಬಿನಲ್ಲಿ ಕ್ಯಾಮೆರಾ ಇರಲಿಲ್ಲ. ಶನಿವಾರದವರೆಗೂ ಯೋಚಿಸಿದೆ. ಓದುವಾಗ ನಮ್ಮ ಗುರುಗಳು ಒಮ್ಮೆ ಹೇಳಿದ್ದು ನೆನಪಾಯಿತು: ಇದ್ದಿಲ ಚಿತ್ರದ ಮೇಲೆ ಒದ್ದೆ ಕಾಗದ ಒತ್ತಿದರೆ ಅದರ ಅಚ್ಚು ಏಳುತ್ತದೆ.

ಭಾನುವಾರ ಬೆಳಿಗ್ಗೆ ಹಳೆ ಕ್ಯಾಲೆಂಡರುಗಳ ಕಟ್ಟು ಹೊತ್ತುಕೊಂಡು ಹೋದೆ. ಜಯಮ್ಮ ಹಾಳೆಗಳ ಹಿಂಬದಿಗೆ ನೀರು ಚಿಮುಕಿಸಿ ಹದ ಮಾಡಿದರು. ಭಾಗ್ಯ ಮತ್ತು ನಾನು ಒಂದೊಂದನ್ನೇ ಗೋಡೆಗೆ ಹಿಡಿದೆವು. ಸಿದ್ದರಾಜು ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಅದರ ತಳದಿಂದ ಉಜ್ಜಿದರು. ಮೊದಲ ಹಾಳೆ ಸುಕ್ಕಾಗಿ ಹರಿಯಿತು. ಎರಡನೆಯದರಲ್ಲಿ ಚಕ್ರದ ಕಾಲು ಭಾಗ ಮಸುಕಾಗಿ ಎದ್ದುಬಂತು. ಜಯಮ್ಮ "ಅಯ್ಯೋ ಬಂತು, ಬಂತು!" ಎಂದು ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಹಾಳೆಗಳಾದವು. ಅಂಗಳದಲ್ಲಿ ಜೋಡಿಸಿ ನಾಲ್ಕು ಮೂಲೆಗೆ ಕಲ್ಲಿಟ್ಟೆವು. ಪ್ರೆಸ್ಸು ಹಾಗೆಯೇ ಇತ್ತು, ಆದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲ ತಿರುಗಿತ್ತು.

ಸಿದ್ದರಾಜು ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಆಮೇಲೆ ಅಚ್ಚಿನ ಕೆಳಗಿದ್ದ ಕೈಯನ್ನು ತೋರಿಸಿ, "ಮೇಡಂ, ನೋಡ್ದ್ರಾ? ಇದ್ರಲ್ಲಿ ಎಡಗೈ ಸಿಕ್ಕಾಕ್ಕೊಂಡೈತೆ. ಬಲಗೈ ಉಳ್ಕೊಂಡ್ಬಿಡ್ತು" ಎಂದರು. ಹಾಗೆ ಹೇಳಿ ನಕ್ಕುಬಿಟ್ಟರು. ಅಪಘಾತವಾದ ಮೇಲೆ ಅಪ್ಪ ನಕ್ಕಿದ್ದು ಅದೇ ಮೊದಲು ಎಂದು ಭಾಗ್ಯ ಆಮೇಲೆ ಹೇಳಿದಳು. ಜಯಮ್ಮ ನೀರು ತರುವ ನೆಪದಲ್ಲಿ ಒಳಗೆ ಹೋದರು.

ಬಿಳಿ ಬಳಿಯುವ ಕೆಲಸ ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ಕೈ ಹೊಡೆದ ಕೂಡಲೇ ಇದ್ದಿಲು ಕದಡಿ ಗೋಡೆಯೆಲ್ಲ ಬೂದಿಯ ಬಣ್ಣವಾಯಿತು. ಮುನಿಯಮ್ಮ ಕೋಲೂರಿಕೊಂಡು ಬಂದು ಬಾಗಿಲಲ್ಲಿ ಕುಳಿತರು. "ಅಂಗಲ್ಲ ಕಣಮ್ಮೀ. ಮೊದ್ಲು ಒಣ ಬಟ್ಟೇಲಿ ಒದರ್ಬೇಕು. ಆಮ್ಯಾಕೆ ಒದ್ದೆ ಬಟ್ಟೇಲಿ ಒರೆಸ್ಬೇಕು. ಆರಿದ್ಮ್ಯಾಲೆ ಬಿಳೀದು. ಇಂಗೆ ಬಳುದ್ರೆ ಸಂಕ್ರಾಂತಿ ಗಂಟ ಬಳೀತಿರ್ತೀಯ. ಐದು ವರ್ಷ ಓದಿದ್ದು ಇದ್ನೇನಾ?" ನನ್ನ ಓದಿನ ವಿಷಯ ಭಾಗ್ಯ ಹೇಳಿರಬೇಕು. ನನಗೆ ನಗು ಬಂತು. ಅವರು ಹೇಳಿದಂತೆಯೇ ಮಾಡಿದೆ. ಸಂಜೆಗೆ ಗೋಡೆ ಬೆಳ್ಳಗಾಯಿತು. ರಾಜಣ್ಣ ಬಂದು ಬೆರಳಲ್ಲಿ ತಿಕ್ಕಿ ನೋಡಿ, "ಆಯ್ತು" ಎಂದಷ್ಟೇ ಹೇಳಿ ಹೋದರು. ಅಂದಿನಿಂದ ಮಕ್ಕಳಿಗೆ ಮನೆಪಾಠ ಕೊಡುವ ಮುಂಚೆ ಒಂದು ಮಾತು ಕಡ್ಡಾಯ: ನಿಮ್ಮದಲ್ಲದ ಯಾವುದರ ಮೇಲೂ ಬರೆಯಬೇಡಿ.

ಅಚ್ಚಿನ ರುಚಿ ಸಿದ್ದರಾಜುವಿಗೆ ಹತ್ತಿತು. ಒಂದು ವಾರದ ಮೇಲೆ ಭಾಗ್ಯ ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳು. ಒಳಗೆ ಹವಾಯಿ ಚಪ್ಪಲಿಯ ಹಿಮ್ಮಡಿಯ ತುಂಡು. ಅದರ ರಬ್ಬರಿನಲ್ಲಿ ಒಂದು ಹಲ್ಲುಚಕ್ರ ಕೊರೆದಿತ್ತು. ಮುರಿದ ಹ್ಯಾಕ್ಸಾ ಬ್ಲೇಡನ್ನು ಕಲ್ಲಿಗೆ ಮಸೆದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ಚಾಕು ಮಾಡಿಕೊಂಡಿದ್ದರಂತೆ. ರಬ್ಬರನ್ನು ಅಳ್ಳಾಡದಂತೆ ಮೊಳೆ ಹೊಡೆದ ಹಲಗೆಗೆ ಸಿಕ್ಕಿಸಿ, ಎಡಗೈಯಲ್ಲಿ ಕೊರೆದಿದ್ದರು. ಬಟ್ಟೆಯನ್ನು ಮಸಿಯಲ್ಲಿ ಅದ್ದಿ, ರಬ್ಬರಿಗೆ ಒತ್ತಿ, ಕಾಗದಕ್ಕೆ ಒತ್ತಿದೆ. ಹಲ್ಲುಚಕ್ರ ಹಾಗೆಯೇ ಮೂಡಿತು. ಒಂದರ ಪಕ್ಕ ಒಂದು ಒತ್ತಿದರೆ ಹಲ್ಲಿಗೆ ಹಲ್ಲು ಕೂರುತ್ತಿತ್ತು. ಮಾರ್ಕಿಂಗ್ ಕೆಲಸದವರ ಕೈ ಅದು.

ಮಕ್ಕಳ ಕೈಗೆ ಬ್ಲೇಡು ಕೊಡುವುದಕ್ಕೆ ಶಿವಲಿಂಗಯ್ಯನವರು ಖಡಾಖಂಡಿತವಾಗಿ ಬೇಡವೆಂದರು, ಅದು ಸರಿಯಾಗಿಯೂ ಇತ್ತು. ಹಾಗಾಗಿ ಒಂದು ಏರ್ಪಾಡಾಯಿತು. ಮಕ್ಕಳು ಕಾಗದದ ಮೇಲೆ ಗೆರೆ ಹಾಕಿ ಮನೆಗೆ ಒಯ್ಯುವುದು, ದೊಡ್ಡವರು ಸವೆದ ಚಪ್ಪಲಿಯಲ್ಲಿ ಕೊರೆದುಕೊಡುವುದು, ಮಕ್ಕಳು ಅಚ್ಚು ಹಾಕುವುದು. ಮೊದಮೊದಲು ಕೊರೆಯುವವರು ಸಿದ್ದರಾಜು ಒಬ್ಬರೇ. ಆಮೇಲೆ ಲೇತಿನವರು, ಫಿಟ್ಟರುಗಳು, ಕೊನೆಗೆ ಗಾರ್ಮೆಂಟ್ಸಿನ ಅಮ್ಮಂದಿರೂ ಶುರುಮಾಡಿದರು. ಹತ್ತು ಗಂಟೆ ನಿಂತು ದುಡಿದು ಬಂದವರು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಚಪ್ಪಲಿಯಲ್ಲಿ ನವಿಲು ಕೊರೆಯುತ್ತಿದ್ದರು. ಮುನಿಯಮ್ಮನೂ ಸುಮ್ಮನಿರಲಿಲ್ಲ. "ಬೇವಿನ ಕಡ್ಡಿ ತುದಿ ಜಜ್ಜು, ಅದ್ಕಿಂತ ಬ್ರಸ್ಸು ಬೇಕಾ?" ಎಂದು ಆರು ಮನೆಯ ಮಕ್ಕಳಿಗೂ ಕೆಮ್ಮಣ್ಣಿನ ಎಳೆ ಹೊಡೆಯುವುದು ಹೇಳಿಕೊಟ್ಟರು. ಅವರ ಗೆರೆಯ ಮುಂದೆ ನನ್ನ ಗೆರೆ ನಿಲ್ಲುತ್ತಿರಲಿಲ್ಲ. ಅದನ್ನು ಹೇಳಲು ಅವರು ಒಂದು ಸಲವೂ ಮರೆಯಲಿಲ್ಲ.

ವರ್ಷದ ಕೊನೆಗೆ ಸಿದ್ದರಾಜು ಒಂದು ತಗಡಿನ ತುಂಡಿನ ಮೇಲೆ ಎಡಗೈಯಲ್ಲಿ ಗೆರೆ ಗೀರಿ, ಅದನ್ನು ಹಿಡಿದುಕೊಂಡು ಕಾರ್ಖಾನೆಯ ಮ್ಯಾನೇಜರ ಮುಂದೆ ಹೋಗಿ ನಿಂತರು. ಮ್ಯಾನೇಜರು ಅಳತೆ ಹಿಡಿದು ನೋಡಿದರಂತೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಾರನೆಯ ಸೋಮವಾರದಿಂದ ಮತ್ತೆ ಮಾರ್ಕಿಂಗ್ ಟೇಬಲ್ಲು. ಪ್ರೆಸ್ಸಿನ ಮುಂದೆ ಮಾತ್ರ ಅವರು ಮತ್ತೆ ಕೂರಲಿಲ್ಲ. ಭಾಗ್ಯ ಎಸ್ಸೆಸ್ಸೆಲ್ಸಿ ಆದ ಮೇಲೆ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದಳು. ಈಗ ಪೀಣ್ಯದಲ್ಲೇ ಒಂದು ಟೂಲ್ ರೂಮಿನಲ್ಲಿ ಉಕ್ಕಿನ ಅಚ್ಚುಗಳ ನಕ್ಷೆ ಮಾಡುತ್ತಾಳೆ. ಕೈ ಒಳಗಿದ್ದರೆ ಬೀಳದಂತೆ ತಡೆಯುವ ಕಾವಲು ಇಲ್ಲದ ಪ್ರೆಸ್ಸಿಗೆ ಅಚ್ಚು ಕೊಡುವುದಿಲ್ಲ ಎಂದು ಅವಳು ಮೇಲಿನವರ ಹತ್ತಿರ ಜಗಳವಾಡಿದ ಸುದ್ದಿ ಕೇಳಿದಾಗ ನನಗಾದ ಹೆಮ್ಮೆಯನ್ನು ಯಾವ ಪ್ರಶಸ್ತಿಗೂ ಹೋಲಿಸಲಾರೆ.

ಮೇಲಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ಚಪ್ಪಲಿ ಅಚ್ಚು ಶುರುವಾಗಿ ಎರಡು ವರ್ಷಕ್ಕೆ ತಪಾಸಣೆಗೆ ಒಬ್ಬರು ಬಂದರು. ನನ್ನ ಬೀರು ತೆಗೆಸಿ ನೋಡಿದರು. ಕ್ಯಾಲೆಂಡರಿನ ಹಿಂಬದಿ, ಸಿಮೆಂಟ್ ಚೀಲದ ಕಾಗದ, ಲಗ್ನಪತ್ರಿಕೆ, ಸಾಲು ಸಾಲು ಚಪ್ಪಲಿ ತುಂಡು.

"ಏನಮ್ಮಾ ಇದು? ಗುಜರಿ ಅಂಗಡೀನಾ? ಡ್ರಾಯಿಂಗ್ ಪುಸ್ತಕ ಎಲ್ಲಿ? ವಸ್ತುಚಿತ್ರ, ಪ್ರಕೃತಿಚಿತ್ರ, ವಿನ್ಯಾಸ, ಒಂದೂ ಕ್ರಮವಾಗಿಲ್ಲ. ಸರಸ್ವತಿ ಇರೋ ಜಾಗದಲ್ಲಿ ಚಪ್ಪಲಿ ಇಟ್ಟಿದ್ದೀರಲ್ಲ!"

ನಾನು ಬಾಯಿ ತೆರೆಯುವ ಮುಂಚೆಯೇ ಶಿವಲಿಂಗಯ್ಯನವರು ಮುಂದೆ ಬಂದರು. ನನ್ನ ಪೀರಿಯಡ್ಡು ಕಿತ್ತುಕೊಳ್ಳುವವರು ನನ್ನ ಪರ ಮಾತಾಡುತ್ತಾರೆಂದು ನಾನು ಎಣಿಸಿರಲಿಲ್ಲ.

"ಸಾರ್, ಒಂದ್ನಿಮಿಷ. ಪ್ರತಿಬಿಂಬ, ಸಮ್ಮಿತಿ ಪಾಠ ಇದ್ಯಲ್ಲ, ಅದನ್ನ ಮೂವತ್ತು ವರ್ಷದಿಂದ ಹಲಗೆ ಮೇಲೆ ಬರೆದೂ ಬರೆದೂ ನನ್ನ ಕೈ ಸವೆದುಹೋಗಿದೆ. ಅರ್ಧ ಕ್ಲಾಸಿಗೆ ತಲೆಗೆ ಹತ್ತುತ್ತಿರಲಿಲ್ಲ. ಈ ಮಕ್ಕಳು ಅಕ್ಷರ ತಿರುಗಿಸಿ ಕೊರೆಸಿದ್ರೆ ಮಾತ್ರ ನೇರವಾಗಿ ಬೀಳುತ್ತೆ ಅಂತ ಮನೆಯಲ್ಲೇ ಕಲ್ತ್ಕೊಂಡು ಬರ್ತಾರೆ. ನಾನು ಆ ಪಾಠಕ್ಕೆ ಇವರ ಚಪ್ಪಲಿ ಎರವಲು ತಗೊಂಡು ಹೋಗ್ತೀನಿ ಸಾರ್. ಬೇಕಾದ್ರೆ ಯಾವ ಮಗೂನಾದ್ರೂ ಕರೆದು ಕೇಳಿ."

ಅಧಿಕಾರಿಗಳು ಯಾರನ್ನೂ ಕರೆಯಲಿಲ್ಲ. ವರದಿಯಲ್ಲಿ 'ಕ್ರಮಬದ್ಧತೆಯ ಕೊರತೆ' ಎಂದು ಬರೆದು ಹೋದರು. ನನಗೊಂದು ನೋಟಿಸು ಬಂತು, ಉತ್ತರ ಕೊಟ್ಟೆ, ಅದು ಅಲ್ಲಿಗೇ ನಿಂತಿತು. ಆ ವರದಿಯ ಮಾತು ನಿಜವೇ. ನನ್ನ ಬೀರುವಿನಲ್ಲಿ ಕ್ರಮ ಯಾವತ್ತೂ ಇರಲಿಲ್ಲ. ಹೊಸಬರಿಗೆ ಹೇಳುವುದಿಷ್ಟೆ: ಇಲಾಖೆ ಕೇಳುವ ಪುಸ್ತಕವನ್ನೂ ಒಂದು ಕಡೆ ಬರೆಸಿಡಿ. ಜಗಳಕ್ಕೆ ಬೇರೆ ಒಳ್ಳೆಯ ಕಾರಣಗಳಿರುತ್ತವೆ.

ಎರಡು ಸಾವಿರದ ಹತ್ತರ ನಂತರ ಕಾಲ ಬೇರೆಯಾಯಿತು. ಮೆಟ್ರೊ ಕಂಬಗಳು ಎದ್ದವು. ಅಂಗಡಿಗಳಲ್ಲಿ 'ನೀವೇ ಮಾಡಿ' ಎನ್ನುವ ಪೆಟ್ಟಿಗೆಗಳು ಬಂದವು. ಎಲ್ಲ ಕತ್ತರಿಸಿ ಕೊಟ್ಟಿರುತ್ತಾರೆ, ಮಕ್ಕಳು ಅಂಟಿಸಿದರೆ ಮುಗಿಯಿತು. ಒಂದು ವರ್ಷ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರ ಯುವಕ ಯುವತಿಯರು ಒಂದೇ ಬಣ್ಣದ ಟೀಶರ್ಟು ಹಾಕಿಕೊಂಡು ಬಸ್ಸು ತುಂಬ ಬಂದರು. ಶಾಲೆಯ ಗೋಡೆಗೆ ಚಿತ್ರ ಬರೆಯಲು ಡಬ್ಬಿಗಟ್ಟಲೆ ಬಣ್ಣ ತಂದಿದ್ದರು. ಗೋಡೆಯ ಮೇಲೆ ಚಿಟ್ಟೆ, ಕಾಮನಬಿಲ್ಲಿನ ಗೆರೆಗಳನ್ನು ತಾವೇ ಹಾಕಿ, "ಕಿಡ್ಸ್, ನೀವು ಒಳಗೆ ಕಲರ್ ತುಂಬಿ" ಎಂದರು. ನನ್ನ ಮಕ್ಕಳು ಮರ್ಯಾದೆಯಿಂದ ತುಂಬಿದರು. ನನಗದು ಹಿಡಿಸಲಿಲ್ಲ, ಆದರೂ ಬಣ್ಣದ ಡಬ್ಬಿಗಳ ಮುಚ್ಚಳ ತೆಗೆದುಕೊಡುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಬ್ರಷ್ಷುಗಳು ಸಾಲದೆ ಹೋದವು. ತರಲು ಹೋದ ಗಾಡಿ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಆ ತಂಡದ ಮುಖ್ಯಸ್ಥೆಯಂತಿದ್ದ ಹುಡುಗಿ ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದಳು. ಎಂಟನೇ ಕ್ಲಾಸಿನ ಮಕ್ಕಳು ನನ್ನನ್ನು ಕೇಳಲೂ ಇಲ್ಲ. ಕೆಲವರು ಬೇವಿನ ಮರದ ಹತ್ತಿರ ಓಡಿದರು, ಕೆಲವರು ಬಿಸಿಯೂಟದ ಅಡುಗೆಮನೆಯಿಂದ ತೆಂಗಿನ ನಾರು ತಂದರು. ಕಾಲು ಗಂಟೆಯಲ್ಲಿ ಮೂವತ್ತು ಬ್ರಷ್ಷು. ಒಬ್ಬಳು ಹುಡುಗಿ ಆ ಮುಖ್ಯಸ್ಥೆಯ ಕೈಗೆ ಒಂದನ್ನು ಕೊಟ್ಟು, "ಅಕ್ಕ, ಜೋರಾಗಿ ಒತ್ತಬಾರ್ದು. ಹಿಂಗೆ, ಸವರ್ದಂಗೆ" ಎಂದು ಕೈ ಹಿಡಿದು ತೋರಿಸಿದಳು.

ಅವಳು ಒಂದು ಎಳೆ ಹೊಡೆದು ನೋಡಿ ನನ್ನತ್ತ ತಿರುಗಿದಳು. "ಮೇಡಂ, ಇವರಿಗೆ ಇದೆಲ್ಲ ಬರುತ್ತಾ? ನಾವು ಸುಮ್ನೆ ಔಟ್‌ಲೈನ್ ಹಾಕ್ಕೊಟ್ವಿ."

"ಉಳಿದಿರೋ ಆ ಗೋಡೆ ಬಿಟ್ಕೊಡಿ, ನೋಡಿ" ಎಂದೆ.

ಉಳಿದ ಗೋಡೆಯಲ್ಲಿ ಮಕ್ಕಳು ಅವತ್ತು ತಮ್ಮ ಬೀದಿಯನ್ನು ಬರೆದರು. ಟ್ಯಾಂಕರಿನ ಮುಂದಿನ ಕೊಡಗಳ ಸಾಲು, ಪಾಳಿ ಮುಗಿಸಿ ಬರುವ ಅಮ್ಮಂದಿರು, ಟೆಂಪೊ, ಪಾನಿಪುರಿ ಗಾಡಿ. ಟೀಶರ್ಟಿನವರು ಬಣ್ಣದ ಡಬ್ಬಿ ಹಿಡಿದು ಸಹಾಯಕರಾಗಿ ನಿಂತರು. ಹೋಗುವಾಗ ಉಳಿದ ಬಣ್ಣವನ್ನೆಲ್ಲ ಬಿಟ್ಟುಹೋದರು. ಎರಡು ವರ್ಷ ಬಂತು. ಬಡತನವೇ ದೊಡ್ಡ ಗುಣ ಎಂದು ನಾನು ಎಂದೂ ಹೇಳುವವಳಲ್ಲ. ಒಳ್ಳೆಯ ಬಣ್ಣ ಸಿಕ್ಕರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಸಿಗದ ದಿನ ಕೆಲಸ ನಿಲ್ಲಬಾರದು, ಅಷ್ಟೆ.

ನನ್ನ ಕೊನೆಯ ದಿನದ ಬಗ್ಗೆ ಬರೆದು ಮುಗಿಸುತ್ತೇನೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಒಬ್ಬೊಬ್ಬರದೂ ಭಾಷಣ. ಭಾಷಣಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಅಂದಿನ ಕೊನೆಯ ಪೀರಿಯಡ್ಡು ಒಂಬತ್ತನೇ ಕ್ಲಾಸಿಗೆ ನನ್ನದೇ. ಗಂಟೆ ಹೊಡೆದು ಇಪ್ಪತ್ತು ನಿಮಿಷವಾದಾಗ ನೆಪ ಹೇಳಿ ಎದ್ದೆ. ಮೇಲ್ವಿಚಾರಣೆ ಇಲ್ಲದ ಕ್ಲಾಸು ಈ ಹೊತ್ತಿಗೆ ಸಂತೆಯಾಗಿರುತ್ತದೆ ಎಂದುಕೊಂಡು, ಬೈಯಲು ದನಿ ಸಿದ್ಧಮಾಡಿಕೊಂಡೇ ಬೇಗ ಬೇಗ ನಡೆದೆ.

ಬಾಗಿಲಿಗೆ ಬಂದರೆ ಒಳಗೆ ಗಲಾಟೆಯೇ ಇಲ್ಲ. ಯಾರೋ ಕಾಗದ ಹಂಚಿದ್ದರು. ಯಾರೋ ಇಟ್ಟಿಗೆಪುಡಿ ಸೋಸಿ ತೆಂಗಿನ ಚಿಪ್ಪುಗಳಲ್ಲಿ ಕಲಸಿಟ್ಟಿದ್ದರು. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ ಎಲ್ಲರೂ ಬಗ್ಗಿಕೊಂಡು ಬರೆಯುತ್ತಿದ್ದರು. "ಏಯ್, ಅಳಿಸ್ಬೇಡ ಕಣೋ, ತಪ್ಪಾಗಿದ್ರೆ ಪಕ್ಕದಲ್ಲಿ ಇನ್ನೊಂದು ಗೆರೆ ಹಾಕು" ಎಂದು ಒಬ್ಬಳು ಗದರುತ್ತಿದ್ದಳು. ನಾನು ಬಂದದ್ದನ್ನು ಯಾರೂ ನೋಡಲಿಲ್ಲ.

ಕರೆಯಲು ಮನಸ್ಸಾಗಲಿಲ್ಲ. ಹಾರ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಸದ್ದಿಲ್ಲದೆ ಹೋಗಿ ಕೊನೆಯ ಬೆಂಚಿನ ಖಾಲಿ ಜಾಗದಲ್ಲಿ ಕುಳಿತೆ. ಮುಂದಿನ ಬೆಂಚಿನ ಹುಡುಗಿ ಹಿಂದೆ ತಿರುಗದೆಯೇ ಕೈ ಚಾಚಿ, "ತಗೋ, ಇದೊಂದೇ ಮಿಕ್ಕಿರೋದು. ಬೇಗ ಬರಿ, ಬೆಲ್ ಹೊಡೀತಾರೆ" ಎಂದು ಅರ್ಧ ಹಾಳೆ ಕೊಟ್ಟಳು. ತೆಗೆದುಕೊಂಡೆ. ಇದ್ದಿಲ ಚೂರೊಂದು ಬೆಂಚಿನ ಮೇಲಿತ್ತು. ಬಗ್ಗಿ ಬರೆಯುತ್ತಿದ್ದ ಆ ಹುಡುಗಿಯ ಬೆನ್ನು, ಎರಡು ಜಡೆ, ಅದರಾಚೆ ಇನ್ನೊಬ್ಬನ ಮೊಣಕೈ, ಅದರಾಚೆ ಕಿಟಕಿ, ಕಂಡಷ್ಟನ್ನು ಬರೆಯತೊಡಗಿದೆ. ಬೆಲ್ ಹೊಡೆಯುವವರೆಗೂ ನಾನೂ ತಲೆ ಎತ್ತಲಿಲ್ಲ.